ಪಳಗಿದ್ದು ಸ್ಪೀಕರೋ, ಕಿವಿಯೋ?

ಹೊಸ ಚಪ್ಪಲಿ ಕಚ್ಚುತ್ತದೆ. ಯಾರಿಗೆ ಗೊತ್ತಿಲ್ಲ ಹೇಳಿ? ಮೊದಲ ವಾರ ಹಿಮ್ಮಡಿಯ ಮೇಲೆ ಬೊಬ್ಬೆ. ಎರಡನೇ ವಾರ ಕುಂಟು ನಡಿಗೆ. ಮೂರನೇ ವಾರಕ್ಕೆ ಆ ಚಪ್ಪಲಿ ಇಲ್ಲದೆ ಕಾಲೇ ಏಳುವುದಿಲ್ಲ! ಆದರೆ ಪಳಗಿದ್ದು ಚಪ್ಪಲಿಯ ತೊಗಲೋ, ನಮ್ಮ ಕಾಲಿನ ತೊಗಲೋ? ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಕೇಳದೇ ಇದ್ದ ತಪ್ಪಿಗೆ ಒಬ್ಬ ಒಳ್ಳೆಯ ಮನುಷ್ಯ ಬಸ್ಸು ಹತ್ತಿ ತುಮಕೂರಿಗೆ ಹೋಗಿ, ಕಿವಿ ಡಾಕ್ಟರ ಮುಂದೆ ಕೂತು ಬರಬೇಕಾಯಿತು....

ಆ ಕಥೆ ಹೇಳುತ್ತೇನೆ. ಇದರಲ್ಲಿ ನಾಯಕ, ಖಳನಾಯಕ ಎರಡೂ ಪಾತ್ರ ನನ್ನದೇ. ದ್ವಿಪಾತ್ರಾಭಿನಯ!

ಮೊದಲು ನನ್ನ ಪರಿಚಯ. ಪಿಯುಸಿಯನ್ನು ಅರ್ಧಕ್ಕೇ ಬಿಟ್ಟು ಬಂದವನು. ವಯಸ್ಸು 28. ಸಿನಿಮಾ ಬಗ್ಗೆ ಅಲ್ಲಿ ಇಲ್ಲಿ ಬರೆಯುತ್ತೇನೆ. ಒಂದು ಲೇಖನದ ಸಂಭಾವನೆ ಕೈಗೆ ಬರುವ ಹೊತ್ತಿಗೆ ಅದರಲ್ಲಿದ್ದ ಹೊಸ ನಟ ಹಳೆಯ ನಟನಾಗಿರುತ್ತಾನೆ. ಹೀಗಾಗಿ ಹೊಟ್ಟೆಪಾಡಿಗೆ ಇನ್ನೊಂದು ಕಸುಬು ಹಿಡಿದೆ. ಸ್ಪೀಕರ್ ಪೆಟ್ಟಿಗೆ ಮಾಡುವುದು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಸ್ಪೀಕರ್, ಆಂಪ್ಲಿಫೈಯರ್ ಬೋರ್ಡು ತರುತ್ತೇನೆ. ಬಡಗಿಯೊಬ್ಬರ ಹತ್ತಿರ ಪ್ಲೈವುಡ್ ಕತ್ತರಿಸಿಕೊಳ್ಳುತ್ತೇನೆ. ಫೆವಿಕಾಲ್, ಸ್ಕ್ರೂ, ಬೆಸುಗೆ ಎಲ್ಲ ನನ್ನದೇ. ಮನೆಯ ನಡುಮನೆಯೇ ಕಾರ್ಖಾನೆ, ಅಮ್ಮನೇ ಲೇಬರ್ ಇನ್ಸ್‌ಪೆಕ್ಟರ್.

ಊರು ಗುಬ್ಬಿ. ಅಂದಮೇಲೆ ಧ್ವನಿಯ ವಿಷಯದಲ್ಲಿ ನಮಗೆ ಸ್ವಲ್ಪ ಗರ್ವ ಇರಬೇಕಾದ್ದೇ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಊರಲ್ಲವೇ! ಮೈಕು ಇಲ್ಲದ ಕಾಲದಲ್ಲಿ ಕಟ್ಟಕಡೆಯ ಸಾಲಿನವನ ಕಿವಿಗೂ ಮಾತು ಮುಟ್ಟಿಸಿದ ನಟರ ಊರು. ಡಾ. ರಾಜ್ ಕೂಡ ಗುಬ್ಬಿ ವೀರಣ್ಣನವರ ಆ ಗರಡಿಯಲ್ಲಿ ಪಳಗಿದವರೇ. ನೋಡಿ, ಇಲ್ಲೂ ಅದೇ ಮಾತು ಬಂತು. ಪಳಗುವುದು!

ಸ್ಪೀಕರಿಗೂ ಸಿನಿಮಾಕ್ಕೂ ಏನು ನಂಟು ಅಂತ ಕೇಳಬೇಡಿ. ರಕ್ತಸಂಬಂಧ! ಇಂದಿನ ಮಾದರಿಯ ಕೋನ್ ಸ್ಪೀಕರನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು ಎಂಜಿನಿಯರುಗಳು ಲೋಕಕ್ಕೆ ವಿವರಿಸಿದ್ದು 1925ರಲ್ಲಿ. ಎರಡೇ ವರ್ಷಕ್ಕೆ, 1927ರಲ್ಲಿ, 'ದಿ ಜಾಝ್ ಸಿಂಗರ್' ಚಿತ್ರ ಮಾತಾಡಿತು. 1934ರಲ್ಲಿ ನಮ್ಮ 'ಸತಿ ಸುಲೋಚನ' ಕನ್ನಡ ಮಾತಾಡಿದಳು. ಅಷ್ಟು ದೊಡ್ಡ ಥಿಯೇಟರಿಗೆ ಸಾಲುವಷ್ಟು ಧ್ವನಿ ಎಲ್ಲಿಂದ ತರುವುದು? 1930ರ ದಶಕದಲ್ಲಿ ಆ ತಲೆನೋವನ್ನು ಹೊತ್ತವರು ಎಂಜಿಎಂ ಸ್ಟುಡಿಯೋದ ಶಬ್ದ ವಿಭಾಗದ ಮುಖ್ಯಸ್ಥ ಡಗ್ಲಸ್ ಶಿಯರರ್. ಅಂದಿನ ತಾರೆ ನಾರ್ಮಾ ಶಿಯರರಳ ಅಣ್ಣ ಸ್ವಾಮಿ! ಅವರ ಆ ಸ್ಪೀಕರಿಗೆ ಕೈ ಹಾಕಿದವರಲ್ಲಿ ಜೇಮ್ಸ್ ಲ್ಯಾನ್ಸಿಂಗ್ ಒಬ್ಬರು. ಜೆಬಿಎಲ್ ಎಂಬ ಮೂರಕ್ಷರದ ಕಂಪನಿಯನ್ನು ಆಮೇಲೆ ಕಟ್ಟಿದವರು ಅವರೇ. ಇಂದಿಗೂ ನೀವು ಬೆಳ್ಳಿತೆರೆಯ ಹತ್ತಿರ ಹೋಗಿ ನೋಡಿದರೆ ಸಣ್ಣ ಸಣ್ಣ ತೂತುಗಳು ಕಾಣುತ್ತವೆ. ನಾಯಕನ ಬಾಯಿಂದ ಬರುವ ಮಾತು ನಿಜವಾಗಿ ಬರುವುದು ಆ ತೂತುಗಳ ಹಿಂದೆ ಕೂತ ಸ್ಪೀಕರಿನಿಂದ.

ಇರಲಿ, ಕಥೆಗೆ ಬರೋಣ.

ನೂರು ಗಂಟೆಯ ಮಂತ್ರ

ನಮ್ಮ ಬೀದಿಯ ಕಟಿಂಗ್ ಶಾಪ್ ಅಣ್ಣ ಎಂದರೆ ನನಗೆ ಗುರು ಇದ್ದ ಹಾಗೆ. ಹುಡುಗನಾಗಿದ್ದಾಗ ಸಿನಿಮಾ ಪತ್ರಿಕೆಗಳನ್ನು ಬಿಟ್ಟಿಯಾಗಿ ಓದಿದ್ದು ಅವನ ಅಂಗಡಿಯ ಬೆಂಚಿನ ಮೇಲೆ. ತಲೆಗೂದಲು ಬೆಳೆಯದಿದ್ದರೂ ವಾರಕ್ಕೆ ಎರಡು ಸಲ ಹೋಗಿ ಕೂರುತ್ತಿದ್ದೆ. ಒಂದು ದಿನವೂ "ಎದ್ದೇಳು" ಅಂದವನಲ್ಲ. ಅವನಿಗೆ ಈಗ 51. ಬೆಳಿಗ್ಗೆ ಶಟರ್ ಎತ್ತಿದರೆ ರಾತ್ರಿವರೆಗೆ ಹಾಡು. ಎಲ್ಲ ಹಳೆಯವು. ಪಿ.ಬಿ. ಶ್ರೀನಿವಾಸ್ ಬಿಟ್ಟರೆ ರಾಜ್, ರಾಜ್ ಬಿಟ್ಟರೆ ಪಿ.ಬಿ. ಶ್ರೀನಿವಾಸ್. 1974ರ 'ಸಂಪತ್ತಿಗೆ ಸವಾಲ್' ಚಿತ್ರದ ಎಮ್ಮೆಯ ಹಾಡು ಬಂದರೆ ಕತ್ತರಿಯೂ ತಾಳ ಹಾಕುತ್ತದೆ!

ಅಂಗಡಿಗೆ ಹೊಸ ಬಣ್ಣ ಹೊಡೆಸುವಾಗ ಅಣ್ಣ ನನ್ನನ್ನು ಕರೆದ. "ತಮ್ಮಾ, ನನಗೂ ಒಂದು ಜೊತೆ ಸ್ಪೀಕರ್ ಮಾಡ್ಕೊಡು. ಬೇರೆ ಯಾರ ಹತ್ರನೂ ತಗಳಲ್ಲ" ಅಂದ. ಹಳೆಯ ಸ್ಪೀಕರನ್ನು ಗುಜರಿಗೆ ಕೊಟ್ಟು, ಚೀಟಿ ಹಣ ಸೇರಿಸಿ 5,200 ರೂಪಾಯಿ ಎಣಿಸಿ ಕೊಟ್ಟ.

ಜೀವ ಸುರಿದು ಮಾಡಿದೆ. ಆರೂವರೆ ಇಂಚಿನ ಎರಡು ಸ್ಪೀಕರು, ಹದಿನೈದು ಲೀಟರಿನ ಮುಚ್ಚಿದ ಪೆಟ್ಟಿಗೆ, ಒಳಗೆ ಹತ್ತಿ. ಆದರೆ ಪೆಟ್ಟಿಗೆಗೆ ಕೂರಿಸುವ ಮುಂಚೆ ಒಂದು ಶಾಸ್ತ್ರ ಇದೆಯಲ್ಲ? ಹೊಸ ಸ್ಪೀಕರನ್ನು ಪಳಗಿಸುವುದು! ಈ ಹುಚ್ಚು ಹಿಡಿದವರೆಲ್ಲ ಜಪಿಸುವ ಮಂತ್ರ ಒಂದೇ: "ನೂರು ಗಂಟೆ ಓಡಲಿ, ಆಮೇಲೆ ನೋಡು!" ಮೊದಲು ಗಂಟಲು ಕಟ್ಟಿದಂತಿರುತ್ತದಂತೆ, ಬಿಗಿಯಾಗಿರುತ್ತದಂತೆ, ನೂರು ಗಂಟೆ ಕಳೆದರೆ ಮೊಗ್ಗು ಬಿರಿದಂತೆ ಬಿರಿಯುತ್ತದಂತೆ. ನಾನೂ ಭಕ್ತನೇ.

ಇದರಲ್ಲಿ ಸುಳ್ಳೇ ಇಲ್ಲವೆಂದಲ್ಲ. ಸ್ಪೀಕರಿನ ಕಾಗದದ ಕೋನಿಗೆ ಎರಡು ಕಡೆ ಆಧಾರ. ಹೊರಗೆ ಅಂಚಿನ ರಬ್ಬರು. ಒಳಗೆ, ಕೋನು ವಾಯ್ಸ್ ಕಾಯಿಲಿಗೆ ಸೇರುವ ಕಡೆ, ಸುಕ್ಕುಸುಕ್ಕಾದ ಒಂದು ಬಟ್ಟೆಯ ಬಿಲ್ಲೆ. ಅದಕ್ಕೆ ಸ್ಪೈಡರ್ ಅನ್ನುತ್ತಾರೆ. ರಾಳದಲ್ಲಿ ಅದ್ದಿ, ಬಿಸಿ ಅಚ್ಚಿನಲ್ಲಿ ಒತ್ತಿ ಮಾಡಿದ್ದು. ಗಂಜಿ ಹಾಕಿ ಇಸ್ತ್ರಿ ಮಾಡಿದ ಹೊಸ ಅಂಗಿಯ ಕಾಲರಿನಂತೆ ಮೊದಲು ಸೆಟೆದುಕೊಂಡಿರುತ್ತದೆ. ಕೋನು ಚೆನ್ನಾಗಿ ಒದರಾಡಿದ ಮೇಲೆ ಒಂದಿಷ್ಟು ಸಡಿಲವಾಗುತ್ತದೆ. ಬಿಗಿ ಕಡಿಮೆಯಾದರೆ ಕೋನಿನ ಸಹಜ ಕಂಪನವೂ ಕೆಳಗಿಳಿಯುತ್ತದೆ. ಇಷ್ಟು ನಿಜ.

ಈಗ ನಾನು ಮಾಡಿದ ಘನಕಾರ್ಯ ಕೇಳಿ. ರಾತ್ರಿಯಿಡೀ ಢಂ ಢಂ ಅಂದರೆ ಅಮ್ಮ ಬಿಡುತ್ತಾಳೆಯೇ? ಅದಕ್ಕೊಂದು ಉಪಾಯವಿದೆ. ಎರಡು ಸ್ಪೀಕರುಗಳನ್ನು ಮುಖಕ್ಕೆ ಮುಖ ಕೊಟ್ಟು ಇಟ್ಟು, ಒಂದಕ್ಕೆ ಮಾತ್ರ ವೈರನ್ನು ಉಲ್ಟಾ ಕೊಡಬೇಕು. ಒಂದು ಗಾಳಿಯನ್ನು ತಳ್ಳಿದರೆ ಇನ್ನೊಂದು ಎಳೆದುಕೊಳ್ಳುತ್ತದೆ. ಕೋನುಗಳು ಕುಣಿಯುತ್ತವೆ, ಸದ್ದು ಮಾತ್ರ ಒಂದನ್ನೊಂದು ನುಂಗುತ್ತವೆ. ಮೇಲೊಂದು ಕಂಬಳಿ ಹೊದಿಸಿದರೆ ಮನೆಯೆಲ್ಲ ನೆಮ್ಮದಿ. ನಾನೂ ಹಾಗೇ ಮಾಡಿದೆ. ಒಂದು ಸ್ಪೀಕರಿನ ಮೈನಸ್ಸಿಗೆ ಕೆಂಪು ವೈರು, ಪ್ಲಸ್ಸಿಗೆ ಕಪ್ಪು ವೈರು ಬೆಸುಗೆ ಹಾಕಿ, ರಾತ್ರಿಯಿಡೀ ಓಡಿಸಿದೆ. ಬೆಳಿಗ್ಗೆ ಎದ್ದು, ಕಂಬಳಿ ತೆಗೆದು, ಪೆಟ್ಟಿಗೆಗೆ ಕೂರಿಸಿ, ಕೆಂಪು ವೈರನ್ನು ಕೆಂಪು ಟರ್ಮಿನಲ್ಲಿಗೆ, ಕಪ್ಪನ್ನು ಕಪ್ಪಿಗೆ ಸೇರಿಸಿ, ಸ್ಕ್ರೂ ಬಿಗಿದು, ಹೂ ಮುಡಿಸಿ ಅಂಗಡಿಗೆ ಹೊತ್ತುಕೊಂಡು ಹೋದೆ.

ಎಲ್ಲಿ ಎಡವಿದೆ ಅಂತ ನಿಮಗೆ ಆಗಲೇ ಹೊಳೆದಿರಬೇಕು. ನನಗೆ ಹೊಳೆಯಲು ಒಂದು ತಿಂಗಳು ಬೇಕಾಯಿತು!

"ನನ್ನ ಕಿವೀನೇ ಮಂದ ಆಗೈತೇನೋ"

ಮೊದಲ ದಿನವೇ ಅಣ್ಣ ತಲೆ ಓರೆ ಮಾಡಿದ. "ಹಾಡು ಕೇಳ್ತೈತೆ ಕಣಪ್ಪಾ, ಆದ್ರೆ ತೂಕ ಇಲ್ಲ. ರಾಜಣ್ಣ ಎಲ್ಲೋ ಪಕ್ಕದ ಬೀದಿಯಾಗೆ ನಿಂತ್ಕೊಂಡು ಹಾಡ್ದಂಗೈತೆ."

"ಇರಣ್ಣ, ಹೊಸತಲ್ವಾ? ನೂರು ಗಂಟೆ ಓಡ್ಲಿ. ಪಳಗ್ಬೇಕು" ಅಂದೆ.

ಒಂದು ವಾರ ಕಳೆಯಿತು. "ತಬಲ ತಗಡು ಬಡ್ದಂಗೆ ಕೇಳ್ತೈತೆ" ಅಂದ. "ಇನ್ನೊಂದು ವಾರ ಇರಣ್ಣ" ಅಂದೆ. ಗಿರಾಕಿಗಳು ನಗತೊಡಗಿದರು. "ಏನಣ್ಣಾ, ಹಳೇ ಡಬ್ಬಾನೇ ವಾಸಿ ಇತ್ತು" ಅಂತ ಒಬ್ಬ. ಅಣ್ಣ ಅವನ ಕೆನ್ನೆಗೆ ಸೋಪು ಹಚ್ಚುತ್ತಾ, "ನಮ್ ಹುಡ್ಗ ಮಾಡಿರೋದು, ಸುಮ್ನಿರು. ಪಳಗ್ಬೇಕು ಅದು" ಅಂತ ನನ್ನ ಪರ ವಾದಿಸಿದ. ನಾನು ಬೆಂಚಿನ ಮೇಲೆ ಕೂತು ಹೆಮ್ಮೆಪಟ್ಟೆ!

ಮೂರನೇ ವಾರ ಅವನು ಮತ್ತೆ ಕೇಳಿದಾಗ ನನಗೆ ರೇಗಿತು. ಆಗ ಬಾಯಿಂದ ಬಂದ ಮಾತು ಇಂದಿಗೂ ಚುಚ್ಚುತ್ತದೆ: "ಸ್ಪೀಕರ್ ಸರಿಯಾಗೇ ಇದೆ ಅಣ್ಣ. ನಿನ್ನ ಕಿವಿ ಇನ್ನೂ ಒಗ್ಗಿಲ್ಲ ಅಷ್ಟೇ."

ಅವನು ಮಾತಾಡಲಿಲ್ಲ.

ಮುಂದಿನ ವಾರ ಕಟಿಂಗಿಗೆ ಹೋದೆ. ಕುತ್ತಿಗೆಗೆ ಬಟ್ಟೆ ಕಟ್ಟುತ್ತಾ ಮೆಲ್ಲಗೆ ಹೇಳಿದ: "ಸೋಮವಾರ ಅಂಗಡಿ ಬಾಗ್ಲು ಹಾಕ್ಕೊಂಡು ತುಮಕೂರ್ಗೆ ಹೋಗಿದ್ದೆ. ಕಿವಿ ಡಾಕ್ಟ್ರತ್ರ. ನಮ್ಮಪ್ಪನಿಗೂ ಐವತ್ತಕ್ಕೇ ಕಿವುಡು ಬಂದಿತ್ತಲ್ಲ.... ನನ್ನ ಕಿವೀನೇ ಮಂದ ಆಗೈತೇನೋ ಅಂತ ಹೆದ್ರಿಕೆ ಆಯ್ತು. ಹೆಡ್‌ಫೋನ್ ಹಾಕಿ ಪರೀಕ್ಷೆ ಮಾಡಿದ್ರು. ಏನೂ ಇಲ್ವಂತೆ. ಅಂದ್ರೆ ನೀನು ಹೇಳಿದ್ದೇ ಸರಿ. ಇನ್ನೂ ಪಳಗಿಲ್ಲ."

ಕನ್ನಡಿಯಲ್ಲಿ ನನ್ನ ಮುಖ ನಾನೇ ನೋಡಲಾಗಲಿಲ್ಲ. ಒಂದು ದಿನದ ವ್ಯಾಪಾರ, ಬಸ್ ಚಾರ್ಜು, ಡಾಕ್ಟರ ಫೀಜು. ಅದೆಲ್ಲ ಹಾಳಾಗಲಿ. ನಾಲ್ಕು ರಾತ್ರಿ ಆ ಮನುಷ್ಯ ಅಪ್ಪನ ಕಿವುಡು ತನಗೂ ಬಂತೆಂದು ನಿದ್ದೆಗೆಟ್ಟಿದ್ದ. ಯಾಕೆ? ನಾನು ನನ್ನ ಪೆಟ್ಟಿಗೆಯನ್ನು ಅನುಮಾನಿಸಲಿಲ್ಲ, ಅವನ ಕಿವಿಯನ್ನು ಅನುಮಾನಿಸಿದೆ. ಅವನೂ ನನ್ನನ್ನು ಅನುಮಾನಿಸಲಿಲ್ಲ, ತನ್ನ ಕಿವಿಯನ್ನೇ ಅನುಮಾನಿಸಿದ.

ಆ ಸಂಜೆಯೇ ಎರಡೂ ಪೆಟ್ಟಿಗೆಗಳನ್ನು ಬಸ್ಸಿಗೆ ಹಾಕಿದೆ.

ಒಂದು ಸೆಲ್ಲಿನ ತೀರ್ಪು

ತುಮಕೂರಿನ ಒಂದು ಸಂದಿಯಲ್ಲಿ ನಮ್ಮ ಸಾಹೇಬರ ಅಂಗಡಿ. ಟೂರಿಂಗ್ ಟಾಕೀಸುಗಳ ಕಾಲದಿಂದ ಹರಿದ ಕೋನು ಬದಲಿಸುತ್ತಾ ಬಂದವರು. ಗೋಡೆಯ ತುಂಬ ಸತ್ತ ಸ್ಪೀಕರುಗಳು, ಕೈಯಲ್ಲಿ ಯಾವಾಗಲೂ ಅಂಟು. ನಾನು ನನ್ನ ನೂರು ಗಂಟೆಯ ಪುರಾಣ ಶುರು ಮಾಡಿದೆ. ಅವರು ಕೈ ಎತ್ತಿ ನಿಲ್ಲಿಸಿದರು.

"ಹಾಡು ಹಾಕು ಬೇಟಾ."

ಹಾಕಿದೆ. ಎರಡು ಪೆಟ್ಟಿಗೆಗಳ ನಡುವೆ ಬಂದು ನಿಂತರು. "ಹಾಡೋರು ಎಲ್ಲಿದ್ದಾರೆ ತೋರ್ಸು" ಅಂದರು. ನಾನೂ ನಿಂತು ನೋಡಿದೆ. ನಿಜವಾಗಿ ಎಲ್ಲೂ ಇಲ್ಲ! ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ, ನಡುವೆಯಂತೂ ಇಲ್ಲವೇ ಇಲ್ಲ. ಧ್ವನಿ ತಲೆಯ ಸುತ್ತ ನೊಣದಂತೆ ಸುತ್ತುತ್ತಿದೆ.

ಸಾಹೇಬರು ಡ್ರಾಯರಿನಿಂದ ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ ತೆಗೆದರು. ಎರಡು ತುಂಡು ವೈರು ಹಿಡಿದು ಮೊದಲ ಪೆಟ್ಟಿಗೆಯ ಕೆಂಪು ಟರ್ಮಿನಲ್ಲಿಗೆ ಪ್ಲಸ್, ಕಪ್ಪಿಗೆ ಮೈನಸ್ ಮುಟ್ಟಿಸಿದರು. 'ಟಪ್'. ಕೋನು ಹೊರಗೆ ಬಂತು. ಎರಡನೆಯದಕ್ಕೆ ಹಾಗೇ ಮುಟ್ಟಿಸಿದರು. 'ಟಪ್'. ಕೋನು ಒಳಗೆ ಹೋಯಿತು.

"ಒಬ್ಬ ಬಾ ಅಂತಾನೆ, ಒಬ್ಬ ಹೋಗು ಅಂತಾನೆ. ಇವರಿಬ್ಬರ ಮನೇಲಿ ಸಂಸಾರ ಹೆಂಗ್ ನಡೀತದೆ?" ಅಂದರು.

ಕಂಬಳಿಯ ರಾತ್ರಿ ಕಣ್ಣ ಮುಂದೆ ಬಂತು. ಉಲ್ಟಾ ಹಾಕಿದ ಬೆಸುಗೆಯನ್ನು ನಾನು ಸೀದಾ ಮಾಡಿಯೇ ಇರಲಿಲ್ಲ! ಪಳಗಿಸಲು ಹೋಗಿ ಕೆಡಿಸಿದ್ದೆ.

ಮಂದ್ರದ ಧ್ವನಿ ಮಾತ್ರ ಯಾಕೆ ಸತ್ತಿತು ಅಂತ ಸಾಹೇಬರು ಚಹಾ ಕುಡಿಯುತ್ತಾ ಬಿಡಿಸಿ ಹೇಳಿದರು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. 100 ಹರ್ಟ್ಸಿನ ಢಕ್ಕೆಯ ಒಂದು ಅಲೆ 3.4 ಮೀಟರ್ ಉದ್ದ. ಅಂಗಡಿಯಲ್ಲಿ ಪೆಟ್ಟಿಗೆಗಳ ನಡುವೆ ಒಂದೂವರೆ ಮೀಟರೂ ಇಲ್ಲ. ಅಷ್ಟುದ್ದದ ಅಲೆಯನ್ನು ಒಂದು ತಳ್ಳಿ ಇನ್ನೊಂದು ಎಳೆದರೆ ಉಳಿಯುವುದೇನು? ಸೊನ್ನೆಗೆ ಹತ್ತಿರ. ತಾರದ ಅಲೆಗಳು ಗೇಣುದ್ದಕ್ಕಿಂತ ಕಡಿಮೆ. ಅವು ಅಲ್ಲಲ್ಲಿ ಕೂಡಿ, ಅಲ್ಲಲ್ಲಿ ಕಳೆದು ಹೇಗೋ ಬದುಕಿಕೊಳ್ಳುತ್ತವೆ. ಅದರ ಮೇಲೆ ಆ ಕಾಲದ ನಮ್ಮ ಹಾಡುಗಳು ಬಹುಪಾಲು ಮೋನೊ. ಎರಡು ಪೆಟ್ಟಿಗೆಗೂ ಹೋಗುವುದು ಒಂದೇ ಧ್ವನಿ. ಹಾಗಾಗಿ ಜಗಳ ಇನ್ನೂ ಜೋರು. ಅಣ್ಣ ಎಷ್ಟು ಹಳೆಯ ಹಾಡು ಹಾಕಿದರೆ ಅಷ್ಟು ಸೊರಗು! ಅವನ ಕಿವಿ ಮೊದಲ ದಿನವೇ ಕಂಡುಹಿಡಿದದ್ದನ್ನು ನಾನು ಒಂದು ತಿಂಗಳು ಅಲ್ಲಗಳೆದಿದ್ದೆ. ಈ ರೋಗಕ್ಕೆ ನೂರಲ್ಲ, ಲಕ್ಷ ಗಂಟೆ ಓಡಿಸಿದರೂ ಮದ್ದಿಲ್ಲ.

ವೈರು ಅದಲುಬದಲು ಮಾಡಲು ಐದು ನಿಮಿಷ. ಮತ್ತೆ ಹಾಡು ಹಾಕಿದೆ. ತಬಲ ಎದೆಗೆ ಬಂದು ತಟ್ಟಿತು. ಗಾಯಕರು ಎರಡು ಪೆಟ್ಟಿಗೆಗಳ ನಟ್ಟನಡುವೆ, ಸಾಹೇಬರ ಅಂಟಿನ ಡಬ್ಬಿಯ ಮೇಲೆ ಬಂದು ನಿಂತರು!

ಅಳೆದು ನೋಡಿದಾಗ

"ಹಾಗಾದ್ರೆ ಪಳಗೋದು ಅನ್ನೋದೆಲ್ಲ ಸುಳ್ಳಾ ಸಾಹೇಬ್ರೇ?" ಅಂತ ಕೇಳಿದೆ. "ನನ್ನನ್ನ ಯಾಕೆ ಕೇಳ್ತೀಯ? ಮೀಟರ್ ಇದೆಯಲ್ಲ, ಅದನ್ನ ಕೇಳು" ಅಂದರು.

ಕೇಳಿಯೇಬಿಟ್ಟೆ. ಅದೇ ಕಂಪನಿಯ ಎರಡು ಹೊಸ ಸ್ಪೀಕರು ತಂದೆ. ಫೋನಿನಲ್ಲಿ ಒಂದೊಂದೇ ಹರ್ಟ್ಸಿನ ಸ್ವರ ಹೊರಡಿಸುವ ಆಪ್, ಆಮೇಲೆ ಆಂಪ್ಲಿಫೈಯರು, ನಡುವೆ ಒಂದು ರೆಸಿಸ್ಟರು, ಸ್ಪೀಕರಿನ ಎರಡು ತುದಿಗೆ ಮೀಟರು. ಸ್ವರವನ್ನು ಏರಿಸುತ್ತಾ ಹೋದರೆ ಒಂದು ಕಡೆ ವೋಲ್ಟೇಜು ಗಕ್ಕನೆ ಏರಿ ಮತ್ತೆ ಇಳಿಯುತ್ತದೆ. ಆ ಶಿಖರವೇ ಕೋನಿನ ಸಹಜ ಕಂಪನ. ಎರಡೂ ಹೊಸವು 58 ಹರ್ಟ್ಸಿನ ಆಸುಪಾಸು ಬಂದವು. ಒಂದನ್ನು ಡಬ್ಬದಲ್ಲೇ ಮಲಗಿಸಿದೆ. ಇನ್ನೊಂದನ್ನು ಮಂದ್ರ ಸ್ವರದಲ್ಲಿ ಚೆನ್ನಾಗಿ ಕುಣಿಸಿದೆ. ಹತ್ತೇ ನಿಮಿಷಕ್ಕೆ 54! ಬೆಳಗಾಗುವ ಹೊತ್ತಿಗೆ 52. ಮೂರನೇ ದಿನವೂ 52. ಒಂದು ದಿನ ಸುಮ್ಮನೆ ಬಿಟ್ಟರೆ ಮತ್ತೆ 53. ಅಂದರೆ ಪಳಗುವುದು ನಿಜ, ಆದರೆ ಹೆಚ್ಚಿನ ಪಾಲು ಮೊದಲ ಕೆಲವು ನಿಮಿಷದಲ್ಲೇ ಮುಗಿಯುತ್ತದೆ. ಬಿಟ್ಟರೆ ಸ್ವಲ್ಪ ಮತ್ತೆ ಬಿಗಿಯುತ್ತದೆ, ಬೆಳಿಗ್ಗೆ ಎದ್ದಾಗ ನಮ್ಮ ಸೊಂಟದ ಹಾಗೆ.

ಆಮೇಲೆ ಪೆಟ್ಟಿಗೆಯ ಸರದಿ. ಒಂದೇ ಪೆಟ್ಟಿಗೆಗೆ ಮೊದಲು ಪಳಗದ್ದನ್ನು ಕೂರಿಸಿದೆ: 89. ಪಳಗಿದ್ದನ್ನು ಕೂರಿಸಿದೆ: 85. ಹೊರಗೆ ನೂರಕ್ಕೆ ಹತ್ತರಷ್ಟಿದ್ದ ವ್ಯತ್ಯಾಸ ಒಳಗೆ ನೂರಕ್ಕೆ ನಾಲ್ಕು, ಐದಕ್ಕೆ ಇಳಿದಿತ್ತು. ಕಾರಣವೇನೆಂದರೆ, ಮುಚ್ಚಿದ ಪೆಟ್ಟಿಗೆಯ ಒಳಗಿನ ಗಾಳಿಯೂ ಒಂದು ಸ್ಪ್ರಿಂಗು. ನನ್ನ ಪೆಟ್ಟಿಗೆಯಲ್ಲಿ ಅದರ ಬಿಗಿಯೇ ಸ್ಪೈಡರಿನ ಬಿಗಿಗಿಂತ ಹೆಚ್ಚು. ಇಬ್ಬರು ಹಿಡಿದ ಹಗ್ಗದಲ್ಲಿ ಸಣ್ಣವನು ಸ್ವಲ್ಪ ಕೈ ಸಡಿಲಿಸಿದರೆ ದೊಡ್ಡವನು ಬಿಟ್ಟಾನೆಯೇ? ಈ ಲೆಕ್ಕವನ್ನೆಲ್ಲ ಆಸ್ಟ್ರೇಲಿಯಾದ ನೆವಿಲ್ ಥೀಲ್ ಎಂಬ ಎಂಜಿನಿಯರು 1961ರಲ್ಲೇ ಬರೆದಿಟ್ಟರು. 1970ರ ದಶಕದ ಮೊದಲಲ್ಲಿ ರಿಚರ್ಡ್ ಸ್ಮಾಲ್ ಅದನ್ನು ಬೆಳೆಸಿದರು. ಇಂದು ಸ್ಪೀಕರಿನ ಜೊತೆ ಬರುವ ಚೀಟಿಯಲ್ಲಿ ಥೀಲ್-ಸ್ಮಾಲ್ ಅಂಕಿಗಳು ಅಂತ ಇರುತ್ತವಲ್ಲ, ಇವರಿಬ್ಬರದೇ.

ಕೊನೆಯ ಪರೀಕ್ಷೆ ಅಣ್ಣನ ಅಂಗಡಿಯಲ್ಲಿ. ಒಂದೇ ಅಳತೆಯ ಎರಡು ಪೆಟ್ಟಿಗೆ, ಒಂದರಲ್ಲಿ 60 ಗಂಟೆ ಓಡಿದ ಸ್ಪೀಕರು, ಇನ್ನೊಂದರಲ್ಲಿ ಡಬ್ಬದಿಂದ ಆಗತಾನೆ ತೆಗೆದದ್ದು. ಅಣ್ಣನನ್ನು ಅವನ ಕುರ್ಚಿಯಲ್ಲೇ ಕೂರಿಸಿ ಮುಖಕ್ಕೆ ಅವನದೇ ಬಿಸಿ ಟವೆಲ್ ಹೊದಿಸಿದೆ. "ಯಾವ್ದು ಪಳಗಿದ್ದು, ಹೇಳಣ್ಣ." ಹತ್ತು ಸಲ ಕೇಳಿಸಿದೆ. ಐದು ಸರಿ, ಐದು ತಪ್ಪು. ಆಮೇಲೆ ನಾನು ಕೂತೆ, ಅವನು ಬದಲಿಸಿದ. ನನಗೆ ಆರು. ನಾಣ್ಯ ಚಿಮ್ಮಿದ್ದರೂ ಇಷ್ಟೇ ಬರುತ್ತಿತ್ತು! ಇಬ್ಬರ ಆಟದಿಂದ ಲೋಕಕ್ಕೆಲ್ಲ ತೀರ್ಪು ಕೊಡಲಾರೆ. ಆದರೆ ಮೊಗ್ಗು ಬಿರಿದಂತೆ ಅನ್ನುತ್ತಿದ್ದೆನಲ್ಲ, ಆ ಮೊಗ್ಗು ಹೆಚ್ಚಿನಂಶ ನಮ್ಮ ತಲೆಯಲ್ಲೇ ಬಿರಿಯುತ್ತದೆ. ಮೊದಲ ದಿನ ಸಪ್ಪೆ ಅನ್ನಿಸಿದ ಸಿನಿಮಾ ಹಾಡು ಹತ್ತು ಸಲ ಕೇಳಿದ ಮೇಲೆ ನಾಲಿಗೆಗೆ ಅಂಟುವುದಿಲ್ಲವೇ? ಹಾಡು ಬದಲಾಗಿರುವುದಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ. ಕಿವಿ ಒಗ್ಗಿಕೊಳ್ಳುವುದು ಒಂದು ಭಾಗ್ಯವೇ. ಆದರೆ ಕೆಟ್ಟದ್ದನ್ನು ಕೆಟ್ಟದ್ದು ಅನ್ನುವ ಕಿವಿಗೆ "ಒಗ್ಗಿಕೋ" ಅಂತ ಗದರಿಸಬಾರದು.

ಅದಕ್ಕೇ ಗೆಳೆಯರೇ, ನೀವೂ ಪೆಟ್ಟಿಗೆ ಮಾಡುವವರಾದರೆ, ಸ್ಪೀಕರನ್ನು ಬೇಕಾದರೆ ಒಂದು ಸಂಜೆ ಕುಣಿಸಿ. ಯಾರ ಕೈಗಾದರೂ ಕೊಡುವ ಮುಂಚೆ ಮಾತ್ರ ಎರಡಕ್ಕೂ ಸೆಲ್ ಮುಟ್ಟಿಸಿ ನೋಡಿ. ಎರಡೂ ಕೋನು ಒಂದೇ ದಿಕ್ಕಿಗೆ ನೆಗೆಯಬೇಕು.

ಅಣ್ಣನಿಗೆ ನಡೆದದ್ದನ್ನೆಲ್ಲ ಹೇಳಿ, ಡಾಕ್ಟರ ಫೀಜು ಮುಂದಿಟ್ಟೆ. ಮುಟ್ಟಲಿಲ್ಲ. "ಕಿವಿ ಗಟ್ಟಿ ಐತೆ ಅಂತ ಡಾಕ್ಟ್ರೇ ಬರ್ಕೊಟ್ಟವ್ರೆ. ಅದೇ ಲಾಭ ಬಿಡು" ಅಂದ. ಈಗ ಅವನ ಡ್ರಾಯರಿನಲ್ಲಿ ಕತ್ತರಿ, ಬಾಚಣಿಗೆಯ ಪಕ್ಕ ಒಂದು ಟಾರ್ಚ್ ಸೆಲ್ ಇದೆ. ನಾನು ಹೋದಾಗಲೆಲ್ಲ ಅದನ್ನು ಎತ್ತಿ ತೋರಿಸಿ ನಗುತ್ತಾನೆ:

"ಏನಪ್ಪಾ ರಿಪೋರ್ಟ್ರೇ, ಯಾವ್ದೋ ಹೊಸ ಪಿಕ್ಚರ್ ಸೂಪರ್ ಅಂತ ಬರ್ದಿದ್ದೀಯಂತೆ.... ಸೆಲ್ ಮುಟ್ಟಿಸಿ ನೋಡ್ಲಾ?"